ಸೀರೆ ಅಂಗಡಿಯ ಕೆಂಪು ಕುರ್ಚಿಯವರಿಗೆ ಒಂದು ಅಹವಾಲು

ಪ್ಲಾಸ್ಟಿಕ್ ಕುಲತಿಲಕರೂ, ಮೊದಲನೇ ಮಹಡಿಯ ಸೀರೆ ವಿಭಾಗದ ಭೂಷಣರೂ ಆದ ಮಾನ್ಯ ಕೆಂಪು ಕುರ್ಚಿಯವರ ನಾಲ್ಕೂ ಪಾದಗಳಿಗೆ ಹೊನ್ನವಳ್ಳಿಯ ತೋಂಟದಾರ್ಯನ ಶರಣು.

ಮಾನ್ಯರೇ, ಕಳೆದ ಗುರುವಾರ ತಂಗಿಯ ಮಗಳ ಮದುವೆಗೆಂದು ಸೀರೆ ಕೊಳ್ಳಲು ತಿಪಟೂರಿನ ತಮ್ಮ ಅಂಗಡಿಗೆ ಬಂದು, ತಮ್ಮ ಮೇಲೆ ಎರಡು ಗಂಟೆ ಕುಳಿತಿದ್ದ ದಪ್ಪ ಮನುಷ್ಯ ನಾನೇ. ತಾವು ಒಮ್ಮೆಯೂ ಕಿರುಗುಟ್ಟಲಿಲ್ಲ; ಇಂಗ್ಲಿಷಿನಲ್ಲಿ ಸರ್ವೀಸ್ ಎನ್ನುವುದು ಇದನ್ನೇ. ಸೀರೆ ಆರಿಸುವುದು ನನ್ನ ದಿವಂಗತ ಪತ್ನಿ ಶಿವರುದ್ರಮ್ಮನ ಇಲಾಖೆಯಾಗಿದ್ದರಿಂದ, ಹಸಿರಿಗೂ ಗಿಳಿಹಸಿರಿಗೂ ವ್ಯತ್ಯಾಸ ತಿಳಿಯದ ನಾನು ಮೂವತ್ತೊಂದು ಸೀರೆ ಹರಡಿಸಿದೆ. ಹರಡಿ, ಹೆಗಲ ಮೇಲೆ ಹಾಕಿ ತೋರಿಸಿ, ಮತ್ತೆ ಮಡಿಚಿಟ್ಟವಳು ಅಲ್ಲೇ ಕೆಲಸಕ್ಕಿರುವ ನನ್ನ ಸೊಸೆ ದಾನೇಶ್ವರಿ. ಬೆಳಗಿನ ಹತ್ತರಿಂದ ಸಂಜೆ ಏಳೂವರೆಯವರೆಗೆ ಅವಳು ನಿಂತೇ ಇರಬೇಕಂತೆ, ಕುರ್ಚಿಯೇನಿದ್ದರೂ ಗಿರಾಕಿಗೆ.

ಕಾಲೇಜಿನಲ್ಲಿ ಓದಿದ್ದೇನೆ: ಆಲ್ ವರ್ಕ್ ಅಂಡ್ ನೋ ಪ್ಲೇ ಆದರೆ ಜಾಕ್ ಎಂಬುವನಿಗೆ ಏನೋ ಆಗುತ್ತದೆ. ಏನೆಂಬುದು ಮರೆತಿದೆ, ಒಳ್ಳೆಯದಂತೂ ಅಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನೂ ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿಸಿದ ಮೇಲೆಯೇ ಕೊಬ್ಬರಿಯಾಗಪ್ಪ ಎಂದು ಕೇಳುತ್ತೇವೆ. ಪೇಪರಿನವರು ವರ್ಕ್ ಲೈಫ್ ಬ್ಯಾಲೆನ್ಸ್ ಎಂದು ಬರೆಯುವುದೂ ಇದನ್ನೇ ಇರಬೇಕು. ಆದ್ದರಿಂದ ಸೂಪರ್‌ವೈಸರ್ ದಯಾನಂದ್ ಟೀಗೆ ಹೋದಾಗಲಾದರೂ ತಾವು ದಯಮಾಡಿ ನಾಲ್ಕು ಹೆಜ್ಜೆ ನಡೆದು ಕೌಂಟರಿನ ಹಿಂದೆ ಹೋಗಬೇಕೆಂದೂ, ಅವರ ಚಪ್ಪಲಿಯ ಸದ್ದಾದೊಡನೆ ಓಡಿ ಸ್ವಸ್ಥಾನ ಸೇರಬೇಕೆಂದೂ ಕೋರುತ್ತೇನೆ.

ಅಂದು ಅವಳಿಗೇ ಹೇಳಿ ನೋಡಿದೆ, "ನೀನೂ ವಸಿ ಕೂತ್ಕಳಮ್ಮ" ಎಂದು. ಹರಡಿದ ಸೀರೆಯ ಮರೆಯಲ್ಲೇ ನಕ್ಕು, "ಸುಮ್ನಿರಿ ಮಾವ. ಇಲ್ಲಿ ಕೂತ್ರೆ ದಯಾನಂದ್ ಸರ್ ಬತ್ತಾರೆ, ಮನೇಲ್ ಕೂರಾಣ ಅಂದ್ರೆ ನಡುಮನೇಲಿ ನೀವಿರ್ತೀರ. ಬಸ್ಸಲ್ಲಿ ಸೀಟು ಸಿಕ್ಕಿದ್ರೆ ಅದೇ ನನ್ನ ರಜ" ಎಂದಳು.

ಮಾವನೆದುರು ಸೊಸೆ ಕೂರಬಾರದೆಂಬುದು ನಮ್ಮ ಮನೆಯ ರೂಲು. ಮಾಡಿದವರು ಯಾರೋ, ಆರು ವರ್ಷದಿಂದ ಸೂಪರ್‌ವೈಸರ್ ಮಾತ್ರ ನಾನೇ. ಆ ಹುದ್ದೆಗೆ ಅಂದೇ ರಾಜೀನಾಮೆ ಕೊಟ್ಟು, ಸಂಜೆ ನನ್ನ ಕುರ್ಚಿಯ ಎದುರಿಗೆ ಇನ್ನೊಂದು ಹಾಕಿದೆ. ಮೊದಲ ದಿನ ತುದಿಯಲ್ಲಿ ಕೂತು ಮೂರು ಸಲ ಎದ್ದಳು. ನಿನ್ನೆ ಕಾಲು ಚಾಚಿ ಕೂತು ಟೀವಿ ರಿಮೋಟನ್ನೂ ಕೇಳಿದಳು. ಕಷ್ಟವಾಯಿತು, ಆದರೂ ಕೊಟ್ಟೆ.

ನನ್ನ ಪಾಲಿನದು ಮುಗಿಯಿತು. ಇನ್ನು ಉಳಿದಿರುವುದು ತಾವು.

ತಮಗೆ ಭಾರವಾಗಿದ್ದಕ್ಕೆ ಕ್ಷಮೆ ಕೋರುವ ತಮ್ಮ ವಿಶ್ವಾಸಿ,
ತೋಂಟದಾರ್ಯ, ಬಿ.ಎ. (ಇಂಗ್ಲಿಷ್ ಒಂದು ಬಿಟ್ಟು)

ಮರೆತ ಮಾತು: ಮದುವೆಯ ಉಳಿದ ಸೀರೆಗಳಿಗಾಗಿ ಭಾನುವಾರ ನಮ್ಮೂರಿನ ಹನ್ನೆರಡು ಮಂದಿ ಮಾವಂದಿರೊಡನೆ ಬರುತ್ತಿದ್ದೇನೆ. ನಾವೆಲ್ಲ ನಿಂತೇ ನೋಡುತ್ತೇವೆ. ದಾನೇಶ್ವರಿ ತಮ್ಮ ಮೇಲೆ ಕೂತು ತೋರಿಸಿದ್ದನ್ನು ಮಾತ್ರ ಕೊಳ್ಳುತ್ತೇವೆ. ಎದುರಿನ ಅಂಗಡಿಯಲ್ಲೂ ಸೀರೆ ಸಿಗುತ್ತದೆಂದು ದಯಾನಂದ್ ಅವರಿಗೆ ತಾವೇ ಮೆಲ್ಲಗೆ ತಿಳಿಸಿ.