ಗೂಟ ನಿಲ್ಲದ ಸಮುದ್ರ

ಬಳ್ಳಾರಿಯ ಡೇರೆ ಮತ್ತು ಬಿಡಾರಗಳ ಕಚೇರಿಯ ಒಂಬತ್ತು ಮಂದಿ ನೌಕರರು ೧೯೫೧ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಕುಟುಂಬಸಮೇತ ಸಮುದ್ರತೀರದಲ್ಲಿ ಐದು ದಿನ ವಿಶ್ರಾಂತಿ ಪಡೆದರು. ಸದರಿ ಸಮುದ್ರತೀರವು ರೂಪನಗುಡಿಯ ಹೊರಗೆ, ಜೋಳ ಕೊಯ್ದಾದ ಎರೆಹೊಲದಲ್ಲಿತ್ತು.

ರಜೆ ಮಂಜೂರಾದದ್ದು ಮದ್ರಾಸಿನಿಂದ. ಊರೂರು ಸುತ್ತುವ ಅಧಿಕಾರಿಗಳಿಗೆ ವರ್ಷವಿಡೀ ಡೇರೆ ಹೊಡೆಯುವವರಿಗೆ ಒಮ್ಮೆ ಕಡಲ ಗಾಳಿ ಸಿಗಲಿ ಎಂದು ಯಾರೋ ಪುಣ್ಯಾತ್ಮರು ಸಹಿ ಹಾಕಿದ್ದರು. ಜಾಗ ಆರಿಸುವ ಕೆಲಸ ಡೇರೆಯಾಳು ಮಾರೆಣ್ಣನ ಪಾಲಿಗೆ ಬಂತು. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಹೊಡೆದ ಗೂಟ ಒಂದೂ ಕಿತ್ತುಬಂದಿರಲಿಲ್ಲ. ಅವನ ಹೆಂಡತಿ ಯಂಕಮ್ಮ ಮದುವೆಯಾದಾಗಿನಿಂದ ಗಂಡನನ್ನು ಕೇಳಿದ್ದು ಒಂದೇ, ಸಮುದ್ರ ತೋರಿಸು ಎಂದು. ಸಿರುಗುಪ್ಪದ ತವರಿಗೂ ಕುರುಗೋಡಿನ ತಂಗಿಗೂ ಅವಳು ಆಗಲೇ ಸುದ್ದಿ ಮುಟ್ಟಿಸಿಬಿಟ್ಟಳು.

ಮಾರೆಣ್ಣ ಒಂದು ಗೂಟ, ಒಂದು ಕೊಡತಿ, ಒಂದು ‘ಉತ್ತಮ ಬಿಡಾರ ಸ್ಥಳದ ತಃಖ್ತೆ’ ಹಿಡಿದು ರೈಲು ಹತ್ತಿ ಪೂರ್ವದ ಕರಾವಳಿಗೆ ಹೋದ. ಬಳ್ಳಾರಿಯ ಎರೆಭೂಮಿಯನ್ನು ನೋಡಿ ಬರೆದ, ಕಲಮು ಕಲಮಿಗೆ ಅಂಕ ಹಾಕುವ ತಃಖ್ತೆ ಅದು. ಉತ್ತಮ ಸ್ಥಳದ ಎರಡು ಮೈಲಿ ಸುತ್ತ ಏರಿ ಕಟ್ಟದ ನೀರು ಇರಕೂಡದು; ಸಿಕ್ಕುವ ನೀರು ಸಿಹಿಯಾಗಿರತಕ್ಕದ್ದು; ಹೊಡೆದ ಗೂಟವನ್ನು ಇಬ್ಬರು ಎಳೆದರೂ ಬರಕೂಡದು.

ಮಾರೆಣ್ಣ ಸಮುದ್ರ ನೋಡಿದ. ಕೊಡತಿಯನ್ನು ಕೆಳಗಿಡುವುದನ್ನೂ ಮರೆತು ಹೊತ್ತು ಮುಳುಗುವವರೆಗೆ ನಿಂತಿದ್ದ. ಯಂಕಮ್ಮನಿಗೆ ಇದನ್ನು ತೋರಿಸದಿದ್ದರೆ ತನ್ನ ದುಡಿಮೆಗೆ ಬೆಂಕಿ ಬೀಳಲಿ ಅನ್ನಿಸಿತು. ಆಮೇಲೆ ಗೂಟ ಹೊಡೆದ. ಎರಡೇ ಪೆಟ್ಟಿಗೆ ಇಳಿಯಿತು, ಒಂದೇ ಕೈಗೆ ಬಂತು. ಏರಿಯ ಕಲಮಿನಲ್ಲಿ ‘ನೀರು ತಾನಾಗಿ ವಾಪಸು ಹೋಗುತ್ತದೆ’ ಎಂದೂ, ಸಿಹಿನೀರಿನ ಕಲಮಿನಲ್ಲಿ ‘ರುಚಿ ಇದೆ’ ಎಂದೂ ಧೈರ್ಯವಾಗಿ ಬರೆದ. ಗೂಟದ ಕಲಮಿಗೆ ಬಂದಾಗ ಮಾತ್ರ ಕೈ ಓಡಲಿಲ್ಲ. ಅದನ್ನು ಖಾಲಿ ಬಿಟ್ಟ.

ಸೂಪರಿಂಟೆಂಡೆಂಟ್ ಕಾಡಸಿದ್ದಪ್ಪನವರ ಕಣ್ಣು ನೇರವಾಗಿ ಆ ಖಾಲಿ ಜಾಗಕ್ಕೇ ಬಿತ್ತು. ಗೂಟ ನಿಂತಿತೋ ಇಲ್ಲವೋ ಎಂದು ಕೇಳಿದರು.

“ನಿಂದ್ರಲಿಲ್ರಿ ಸ್ವಾಮಿ,” ಅಂದ ಮಾರೆಣ್ಣ. “ಆದ್ರ ಐದು ದಿನಾನೂ ನಾ ಕೈಯಾಗ ಹಿಡಕೊಂಡು ಕುಂದ್ರತೀನ್ರಿ.”

ಕಾಡಸಿದ್ದಪ್ಪನವರು ಮರುಗಿದರು. ಮರುಗುತ್ತಲೇ, ನೌಕರನ ಕೈಯನ್ನು ಗೂಟವೆಂದು ಪರಿಗಣಿಸಲು ಅವಕಾಶವಿಲ್ಲವೆಂದು ಷರಾ ಬರೆದು ಕರಾವಳಿಗೆ ಸೊನ್ನೆ ಕೊಟ್ಟರು. ಅದೇ ತಃಖ್ತೆಯಲ್ಲಿ ರೂಪನಗುಡಿಯ ಹೊಲಕ್ಕೆ ನೂರಕ್ಕೆ ನೂರು ಬಂತು. ಸಮುದ್ರ ಇರಬೇಕೆಂಬ ಕಲಮು ತಃಖ್ತೆಯಲ್ಲಿ ಇರಲಿಲ್ಲವಾದ್ದರಿಂದ ಅಂಕ ಕಳೆಯುವ ಪ್ರಮೇಯ ಬರಲಿಲ್ಲ. ಮರುದಿನವೇ ಹುಕುಂ ಹೊರಟಿತು: ‘ಸಮುದ್ರತೀರದ ಬಿಡಾರವೆಂದರೆ, ಸಮುದ್ರತೀರಕ್ಕೆಂದು ಮಂಜೂರಾದ ಬಿಡಾರ ಎಂದು ತಿಳಿಯತಕ್ಕದ್ದು.’

ಒಂಬತ್ತು ಡೇರೆಗಳನ್ನು ಪೂರ್ವಕ್ಕೆ ಮುಖ ಮಾಡಿ ಹೊಡೆದರು. ಗೂಟಗಳು ಬಹಳ ಚೆನ್ನಾಗಿ ನಿಂತವು. ಐದನೆಯ ದಿನ, ‘ಸಮುದ್ರವನ್ನು ಕಂಡು ತೃಪ್ತರಾಗಿದ್ದೇವೆ’ ಎಂಬ ಮುಚ್ಚಳಿಕೆಗೆ ಎಲ್ಲರೂ ಹೆಬ್ಬೆಟ್ಟು ಒತ್ತಬೇಕಾಯಿತು. ಯಂಕಮ್ಮ ಐದು ದಿನವೂ ಗಂಡನ ಜೊತೆ ಮಾತಾಡಿರಲಿಲ್ಲ. ಈಗ ಮಸಿ ಹತ್ತಿದ ಹೆಬ್ಬೆರಳನ್ನು ಹಾಗೇ ಎತ್ತಿ ಹಿಡಿದಳು.

“ನೀನರ ನೋಡಿ ಬಂದೀದಿ. ಹೆಂಗೈತಿ ಹೇಳು. ಆಮ್ಯಾಲ ಒತ್ತತೀನಿ.”

ಮಾರೆಣ್ಣ ಹೊಲದ ಕಡೆ ನೋಡಿದ. “ಈ ಬಯಲಿದ್ದಂಗ ಐತಿ. ಆದ್ರ ಬಯಲೇ ಎದ್ದು ನಮ್ಮ ಕಡಿ ಬರತೈತಿ. ಬಂದು ಕಾಲು ಮುಟ್ಟಿ ವಾಪಸ್ ಹೋಗತೈತಿ. ಮತ್ತ ಬರತೈತಿ.”

ಯಂಕಮ್ಮ ಬಹಳ ಹೊತ್ತು ಆ ಹೊಲವನ್ನೇ ನೋಡಿದಳು. ಅವಳಿಗೆ ಅಳು ಬಂದಿತ್ತು. ಸೀರೆಯ ಅಂಚನ್ನು ಕಣಕಾಲಿನ ಮೇಲಕ್ಕೆ ಸ್ವಲ್ಪ ಎತ್ತಿಕೊಂಡು ಹೆಬ್ಬೆಟ್ಟು ಒತ್ತಿದಳು. ಅವಳ ಹಿಂದೆ ಉಳಿದವರೂ ಒತ್ತಿದರು.

ಮೇ ತಿಂಗಳಲ್ಲಿ ಮದ್ರಾಸಿನಿಂದ ಆಕ್ಷೇಪಣೆ ಬಂತು. ಒಂಬತ್ತು ಕುಟುಂಬಗಳು ಸಮುದ್ರ ನೋಡಿದ್ದಕ್ಕೆ ಅವರ ತಕರಾರಿರಲಿಲ್ಲ. ಮಾರೆಣ್ಣನೆಂಬ ಡೇರೆಯಾಳು ಒಂದೇ ವರ್ಷದಲ್ಲಿ ಎರಡು ಸಲ ಸಮುದ್ರ ನೋಡಿದ್ದು ನಿಯಮಬಾಹಿರವೆಂದೂ, ಎರಡರಲ್ಲಿ ಒಂದನ್ನು ಬಿಟ್ಟುಕೊಡತಕ್ಕದ್ದೆಂದೂ ಬರೆದಿದ್ದರು.

“ಮೊದಲನೇದು ಹೊಡದ್ಹಾಕ್ರಿ ಸ್ವಾಮಿ,” ಅಂದ ಮಾರೆಣ್ಣ. “ಎರಡನೇದು ಯಂಕಮ್ಮನ ಜೋಡಿ ನೋಡೀನಿ.”

ಕೋರಿಕೆ ನ್ಯಾಯವಾಗಿಯೇ ಇತ್ತು. ಕಾಡಸಿದ್ದಪ್ಪನವರು ಶಿಫಾರಸು ಮಾಡಿದರು, ಮದ್ರಾಸು ಒಪ್ಪಿತು, ಪೂರ್ವದ ಕರಾವಳಿಯ ಸಮುದ್ರವನ್ನು ರದ್ದುಪಡಿಸಲಾಯಿತು.