ಕಸ್ತೂರಿಯ ಕಡೆಯವರು

ಮೊಮ್ಮಗಳು ಹುಟ್ಟಿದ್ದಾಳೆ! ತಲೆ ತುಂಬ ಕೂದಲು, ದುಂಡು ಮುಖ. ಮೂಗು ಮಾತ್ರ ನನ್ನದು, ಅದಕ್ಕೆ ನಾನೇ ಹೊಣೆ. ವಿಜಯಪುರದ ಆಸ್ಪತ್ರೆಯಿಂದ ಹೊರಗೆ ಬಂದವನು ಎದುರಿಗೆ ಸಿಕ್ಕ ಆಟೋದವನಿಗೂ ಸುದ್ದಿ ಹೇಳಿ ಪೇಡೆ ಕೊಟ್ಟೆ. ಜಲನಗರಕ್ಕೆ ಹೊರಟಿದ್ದ ಅವನು ಗಾಡಿಯಲ್ಲಿ ಕೂತವರಿಗೂ ಒಂದೊಂದು ಇಸಿದುಕೊಂಡು ಹೋದ. ನಿಮಗೂ ಹೇಳಿದ್ದಾಯಿತು. ಇದೇ ಖುಷಿಯಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ, ಬೈಗುಳ ಸ್ವಲ್ಪ ಕಡಿಮೆ ಬಿದ್ದಾವು.

ನಾನು ಕಲಿತದ್ದು ಮೂರನೇ ಇಯತ್ತೆ. ಅಷ್ಟು ಕಲಿತವನಿಗೆ ಓದುವುದಕ್ಕಿಂತ ಸಂಶಯಪಡುವುದು ಚೆನ್ನಾಗಿ ಬರುತ್ತದೆ. ಅದರಲ್ಲೂ ಫೋನಿನ ಮೇಲೆ ನನಗೆ ಮೊದಲಿನಿಂದ ನಂಬಿಕೆಯಿಲ್ಲ. ಎತ್ತು ಮಲಗಿದರೆ ಮಲಗಿತು ಎಂದು ತಿಳಿಯುತ್ತದೆ. ಇದು ಮಲಗಿದ ಹಾಗೆ ಮಾಡಿ, ನಾವು ಆ ಕಡೆ ತಿರುಗಿದ ಕೂಡಲೇ ಬೆಳಗುತ್ತದೆ. ಅದಕ್ಕೇ ಕಾಖಂಡಕಿಯ ನಮ್ಮ ಮನೆಯಲ್ಲಿ ಅದನ್ನು ಜೋಳದ ಚೀಲದ ಮೇಲೆ ಮುಖ ಕೆಳಗೆ ಮಾಡಿ ಇಡುತ್ತೇನೆ. ನಮ್ಮ ಮಾತು ಅದು ಕೇಳುವುದು ಬೇಡ.

ಸೊಸೆ ಭಾಗ್ಯಶ್ರೀಯ ತವರು ತಿಕೋಟಾ. ಐದನೇ ತಿಂಗಳಲ್ಲಿ ಅವಳನ್ನು ನಾಲ್ಕು ದಿನದ ಮಟ್ಟಿಗೆ ಅಲ್ಲಿ ಬಿಡಲು ಹೋದಾಗ ಒಂದು ದವಾಖಾನೆಗೂ ಕರೆದುಕೊಂಡು ಹೋಗಿದ್ದೆ. ಅವಳು ಒಳಗೆ ಹೋದಾಗ ಸಿಸ್ಟರ್ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡರು. ಸೊಸೆಗೆ ಹದಿನಾಲ್ಕು ಅಂಕಿಯ ಒಂದು ನಂಬರ್ ಕೊಟ್ಟು, ಇನ್ನು ಚೀಟಿ ಹೊತ್ತು ತಿರುಗುವುದು ಬೇಡ, ಯಾವ ದವಾಖಾನೆಗೆ ಹೋದರೂ ಕಂಪ್ಯೂಟರಿನಲ್ಲಿ ಎಲ್ಲ ಸಿಗುತ್ತದೆ ಎಂದರು. ಒಂದು ಹೊತ್ತಿಗೆ ಒಂದು ರೊಟ್ಟಿ ತಿನ್ನುವ ಹುಡುಗಿಗೆ ಹದಿನಾಲ್ಕು ಅಂಕಿ ಯಾಕೆ ಎಂದು ನನಗೆ ಆಗಲೇ ಸಂಶಯ. ಆ ದಿನ ಮಾಡಿದ ಯಾವುದೋ ಸೂಜಿ ಮದ್ದು ಮೈಗೆ ಒಗ್ಗದೆ ಅವಳ ಮುಖ ಊದಿ, ಉಸಿರೂ ಕಟ್ಟಿದಂತಾಯಿತು. ಸಿಸ್ಟರ್ ಗಾಬರಿಯಾಗದೆ ನೋಡಿಕೊಂಡು, ಆ ಮದ್ದಿನ ಹೆಸರನ್ನೂ ಕಂಪ್ಯೂಟರಿಗೆ ಹಾಕಿದರು. ಹೆಸರು ನಮಗ್ಯಾರಿಗೂ ನೆನಪುಳಿಯಲಿಲ್ಲ.

ಹೆರಿಗೆಗೆ ಕರೆದೊಯ್ಯಲು ಬೀಗರು ಇವತ್ತು ಬರುತ್ತೇವೆ, ನಾಳೆ ಬರುತ್ತೇವೆ ಎನ್ನುವಷ್ಟರಲ್ಲಿ ಕಾಖಂಡಕಿಯಲ್ಲೇ ಬೆಳಿಗ್ಗೆ ನೋವು ಬಂತು. ಮಗ ಬಬಲೇಶ್ವರದ ಕಡೆ ಒಣದ್ರಾಕ್ಷಿ ಶೆಡ್ಡಿನ ಕೆಲಸಕ್ಕೆ ಹೋಗಿದ್ದ, ಫೋನ್ ಹತ್ತಲಿಲ್ಲ. ಅವನನ್ನು ಹುಡುಕಿ ಕರೆತರುತ್ತೇನೆ ಎಂದು ಅವನ ತಾಯಿ, ನಮ್ಮಾಕಿ, ಹಿಂದೆ ಉಳಿದಳು. ನಾನು ಸೊಸೆಯನ್ನು ಜೀಪಿನಲ್ಲಿ ವಿಜಯಪುರಕ್ಕೆ ತಂದೆ. ಅವಳನ್ನು ನೇರವಾಗಿ ಒಳಗೆ ಕರೆದೊಯ್ದರು. ಅವಳ ಚೀಲದಲ್ಲಿದ್ದ ಆಧಾರ್ ಕಾರ್ಡನ್ನು ನಾನು ನೋಡದೆಯೇ ಕಿಟಕಿಯಲ್ಲಿದ್ದ ಜವಾನನಿಗೆ ಕೊಟ್ಟು ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಮುಂದಿನ ಹುಡುಗಿ ಕೂಗಿದಳು.

“ಕಸ್ತೂರಿ ಕಡೆಯವ್ರು ಯಾರದೀರಿ?”

ಯಾರೂ ಏಳಲಿಲ್ಲ. ಮತ್ತೆ ಕೂಗಿದಳು. ಬಸುರಿಯನ್ನು ಒಳಗೆ ಬಿಟ್ಟು ಚಹಾ ಕುಡಿಯಲು ಹೋಗಿರಬೇಕು, ಎಂಥ ಜನ ಇರುತ್ತಾರೆ ನೋಡಿ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದೆ. ಅವರೂ ನಾಲಿಗೆ ಲೊಚಗುಟ್ಟಿದರು. ಅಷ್ಟರಲ್ಲಿ ನನ್ನ ಫೋನ್ ಗುಂಯ್ ಎಂದಿತು. ಅವರ ಕೈಗೆ ಕೊಟ್ಟೆ. ಕಸ್ತೂರಿ ಎಂಬವರ ದವಾಖಾನೆಯ ದಾಖಲೆ ತೆರೆಯಲು ಒಂದು ನಂಬರ್ ಬಂದಿದೆ, ಯಾರಿಗೂ ಹೇಳಬಾರದಂತೆ ಎಂದು ಓದಿದರು. ನನಗೆ ಎಲ್ಲ ಹೊಳೆದುಹೋಯಿತು. ಗುರುತಿಲ್ಲದ ಹೆಂಗಸೊಬ್ಬಳನ್ನು ನನ್ನ ಫೋನಿಗೆ ಗಂಟು ಹಾಕಿದ್ದಾರೆ! ಇಂಥ ನಂಬರ್ ಹೇಳಿ ಮೋಸಹೋಗಬೇಡಿ ಎಂದು ಟೀವಿಯಲ್ಲಿ ದಿನವೂ ಹೊಯ್ಕೊಳ್ಳುತ್ತಾರಲ್ಲ. ಫೋನ್ ಬಂದ್ ಮಾಡಿ ಒಳಅಂಗಿಯ ಕಿಸೆಯಲ್ಲಿಟ್ಟು, ಮೇಲೆ ಕೈಯಿಟ್ಟು ಕೂತೆ. ಆ ಹುಡುಗಿ ಹೊರಗೆ ಬಂದು, ಯಾರ ಫೋನಿಗಾದರೂ ನಂಬರ್ ಬಂತೇ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಬಂದಿಲ್ಲ ತಂಗಿ ಎಂದೆ. ಪಕ್ಕದವರು ನನ್ನನ್ನು ನೋಡಿದರು, ನಾನು ಗಡಿಯಾರ ನೋಡಿದೆ.

ಡಾಕ್ಟರಮ್ಮ ಬಾಗಿಲಿಗೇ ಬಂದರು. ಕಸ್ತೂರಿಗೆ ಈಗಿಂದೀಗ ಸೂಜಿ ಮಾಡಬೇಕು, ಹಿಂದೆ ಯಾವುದೋ ಮದ್ದು ಒಗ್ಗಿಲ್ಲವಂತೆ, ಅದು ಯಾವುದು ಎಂದು ತಿಳಿಯದೆ ಚುಚ್ಚಿದರೆ ಜೀವಕ್ಕೆ ಅಪಾಯ, ಅವಳ ಮನೆಯವರು ಎಲ್ಲಿ ಎಂದರು. ನಾನು ಬೆಂಚಿನಿಂದ ಎದ್ದೆ.

“ಪಾಪ, ನಮ್ಮ ಭಾಗ್ಯಾಗೂ ಹಿಂಗ ಆಗಿತ್ರಿ, ತಿಕೋಟಾದಾಗ,” ಎಂದೆ.

ಒಳಗಿನಿಂದ, ನೋವು ಕಚ್ಚಿ ಹಿಡಿದ ದನಿ ಬಂತು.

“ಮಾವಾರ, ಕಸ್ತೂರಿ ಅಂದ್ರ ನಾನ ರೀ.”

ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದು ನಮ್ಮ ಮನೆಯ ಪದ್ಧತಿ. ಭಾಗ್ಯಶ್ರೀ ಎಂದು ಆರಿಸಿದವನು ನಾನೇ. ಎರಡು ವರ್ಷ ಅದೇ ಹೆಸರಿನಿಂದ ಚಹಾ ಕೇಳಿದ್ದೇನೆ, ನೀರು ಕೇಳಿದ್ದೇನೆ. ಅವಳಪ್ಪ ಇಟ್ಟ ಹೆಸರೇನೆಂದು ಕೇಳಿರಲಿಲ್ಲ.

ಫೋನ್ ಚಾಲೂ ಮಾಡಿದರೆ ಅದು ಮೊದಲು ಹೂವು ತೋರಿಸಿತು, ಆಮೇಲೆ ಕೈಮುಗಿಯಿತು. ಅದರ ಮರ್ಯಾದೆ ಮುಗಿಯುವುದರಲ್ಲಿ ನನ್ನ ಅಂಗಿ ಬೆವರಿನಿಂದ ತೊಯ್ದಿತ್ತು. ಹುಡುಗಿ ಇನ್ನೊಮ್ಮೆ ನಂಬರ್ ಕಳಿಸಿದಳು. ಆ ಕಡೆ ಈ ಕಡೆ ನೋಡಿ ಅವಳ ಕಿವಿಯಲ್ಲಿ ಹೇಳಿದೆ. ತಿಕೋಟಾದ ಸಿಸ್ಟರ್ ಬರೆದದ್ದು ತೆರೆದುಕೊಂಡಿತು. ಡಾಕ್ಟರಮ್ಮ ಓದಿ, ಟ್ರೇಯಲ್ಲಿದ್ದ ಸೂಜಿಯನ್ನು ತೆಗೆದಿಡಿಸಿ ಬೇರೆ ಮದ್ದು ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಕೂಸು ಅತ್ತಿತು. ನಾನೂ ಅತ್ತೆ, ಆದರೆ ಕೂಸಿನ ದನಿ ದೊಡ್ಡದಿತ್ತು.

ಆ ಕಂಪ್ಯೂಟರಿನ ಮೇಲೆ ನನಗೆ ಇನ್ನೂ ಸಂಶಯವಿದೆ. ಇವತ್ತು ತಿಕೋಟಾದ ಸುದ್ದಿ ವಿಜಯಪುರದಲ್ಲಿ ಹೇಳಿದ್ದು ನಾಳೆ ನನ್ನ ಬೀಡಿಯ ಸುದ್ದಿಯನ್ನು ನಮ್ಮಾಕಿಗೆ ಹೇಳಲಾರದೇ? ಆದರೆ ನಮ್ಮ ಮನೆಯ ಹುಡುಗಿ ಯಾರೆಂದು ಅದಕ್ಕೆ ಗೊತ್ತಿತ್ತು, ನನಗಿರಲಿಲ್ಲ.

ಸಂಜೆ ಮಗ ಬಂದ, ನಮ್ಮಾಕಿ ಬಂದಳು, ತಿಕೋಟಾದಿಂದ ಬೀಗರು ರೊಟ್ಟಿ ಗಂಟು ತಂದರು. ಸೊಸೆಗೆ ಮಂಚದ ಮೇಲೆ ಬಿಸಿ ಅನ್ನ, ತುಪ್ಪ. ನಾವೆಲ್ಲ ಕೆಳಗೆ ಸುತ್ತಲೂ ಕೂತು ಪುಂಡಿಪಲ್ಯಕ್ಕೆ ಕೈಯಿಟ್ಟೆವು. ನಮ್ಮಾಕಿಗೆ ಸುದ್ದಿ ಆಗಲೇ ಮುಟ್ಟಿತ್ತು.

“ಮಂದಿ ಹುಡುಗಿ ಅಂತ ತಿಳದು ಅಷ್ಟು ಮರಗಿದ್ರಂತ. ಮನಿಯಾಕಿಗೂ ಹಂಗ ಮರಗ್ರಿ,” ಎಂದಳು.

ಬೀಗರು ನಕ್ಕರು. ಸೊಸೆ ನಗಲಿಲ್ಲ. ತುತ್ತು ಕೈಯಲ್ಲಿ ಹಿಡಿದೇ ಹೇಳಿದಳು:

“ಮಾವಾರ, ಕೂಸಿನ ಹೆಸರು ನಾ ಇಡತೀನಿ. ಅದು ಎಲ್ಲಿ ಹೋದ್ರೂ ಅದ ಹೆಸರು ಇರಬೇಕ್ರಿ.”

ಎಲ್ಲರ ಕೈಯೂ ನಿಂತಿತು. ನಾನು ಮಧ್ಯಾಹ್ನದಿಂದ ಕೂತು ಮೂರು ಹೆಸರು ಆರಿಸಿಟ್ಟಿದ್ದೆ, ಒಂದಕ್ಕಿಂತ ಒಂದು ಚಂದ. ಮೂರನ್ನೂ ರೊಟ್ಟಿಯಲ್ಲಿ ಸುತ್ತಿ ನುಂಗಿದೆ.

“ಇಡು, ಕಸ್ತೂರಿ,” ಎಂದೆ. ನಮ್ಮಾಕಿ ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು.