ಏಜೆಂಟ್ ತಿಂದ ಪ್ರೊಸೆಸರ್

ಕಂಪ್ಯೂಟರ್ ಕೆಟ್ಟರೆ ಒಂದು ತಾಸಿನಲ್ಲಿ ಸರಿಮಾಡಬಹುದು. ಅದರ ಎದುರು ಕೂತವರಿಗೆ ಏನಾಗಿದೆ ಅಂತ ತಿಳಿಸುವುದರಲ್ಲೇ ದಿನ ಹೋಗುತ್ತದೆ. ನನ್ನ ಕೆಲಸದಲ್ಲಿ ಅಂಥ ದಿನಗಳೇ ಹೆಚ್ಚು.

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್. ಪ್ರತಿ ಕಂಪ್ಯೂಟರಿನಲ್ಲೂ ನಾವೊಂದು ಉಸ್ತುವಾರಿ ಸಾಫ್ಟ್‌ವೇರ್ ಹಾಕಿರುತ್ತೇವೆ. ನಮ್ಮ ಮಾತಿನಲ್ಲಿ ಅದು ‘ಏಜೆಂಟ್’. ಕಂಪ್ಯೂಟರ್ ಹೇಗಿದೆ ಅಂತ ನೋಡಿ ನಮಗೆ ವರದಿ ಕಳಿಸುವುದು, ವೈರಸ್ ಹುಡುಕುವುದು, ಅಪ್‌ಡೇಟ್ ಹಾಕುವುದು ಅದರ ಕೆಲಸ. ಒಮ್ಮೊಮ್ಮೆ ಅದೇ ಪ್ರೊಸೆಸರಿನ ಶಕ್ತಿಯನ್ನೆಲ್ಲ ತಿಂದು, ಬೇರೆ ಕೆಲಸ ನಡೆಯದಂತೆ ಮಾಡಿಬಿಡುತ್ತದೆ. ಆಗ ನನಗೆ ಫೋನ್ ಬರುತ್ತದೆ.

ನಿಲ್ಲಿಸೀನವ್ವ

ಸಿರುಗುಪ್ಪದ ಅಕ್ಕಿ ಗಿರಣಿ ಸಾಹುಕಾರರು ಭತ್ತದ ಸುಗ್ಗಿಯಲ್ಲಿ ಫೋನ್ ಮಾಡಿದರು. ತೂಕದ ಚೀಟಿ ಕೊಡುವ ಕಂಪ್ಯೂಟರ್ ನಿಂತಿತ್ತು, ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. ನಾನು ಬಳ್ಳಾರಿಯ ನಮ್ಮ ಆಫೀಸಿನಿಂದಲೇ ನೋಡಿ ಹೇಳಿದೆ, “ಏಜೆಂಟಿಂದ ತೊಂದ್ರಿ ಆಗೈತ್ರಿ. ಮೊದಲ ಏಜೆಂಟ್‌ನ ನಿಲ್ಲಸ್ರಿ.”

“ನನಗ ಮೊದಲ ಅನುಮಾನ ಇತ್ತವ್ವ,” ಅಂದು ಫೋನಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ನಾನೇ ಕೇಳಿದೆ, “ನಿಲ್ಲಿಸಿದ್ರೇನ್ರಿ?”

“ನಿಲ್ಲಿಸೀನವ್ವ. ಗೇಟಿನ ಮುಂದ ಬಿಸಲಾಗ ನಿಂತಾನ. ಆದ್ರೂ ಕಂಪ್ಯೂಟರ್ ನಡೀವಲ್ದು.”

ರಾರಾವಿ ಕಡೆಯ ರೈತರಿಂದ ಭತ್ತ ಕೊಡಿಸುವ ದಲಾಲಿ ಏಜೆಂಟನ್ನು ಅವರು ನಿಜವಾಗಿಯೂ ಹೊರಗೆ ನಿಲ್ಲಿಸಿದ್ದರು. ನಾನು ಗಾಡಿ ಹತ್ತಿ ಓಡಿದೆ. ನಮ್ಮ ಸಾಫ್ಟ್‌ವೇರ್ ಒಂದೊಂದು ತೂಕದ ಚೀಟಿಯನ್ನೂ ವೈರಸ್ ಇರಬಹುದೆಂದು ಬಿಚ್ಚಿ ನೋಡುತ್ತಿತ್ತು. ಚೀಟಿಗಳ ತಂಟೆಗೆ ಹೋಗದಂತೆ ಅದಕ್ಕೆ ಕಟ್ಟು ಹಾಕಿದೆ. ಟ್ರ್ಯಾಕ್ಟರುಗಳು ಒಂದೊಂದಾಗಿ ಒಳಗೆ ಸರಿದವು. ಸಾಹುಕಾರರು ಎಲ್ಲರೆದುರು “ಹುಡುಗಿ ಗಟ್ಟಿ ಅದಾಳ” ಅಂದಾಗ ನನ್ನ ತಲೆ ಸ್ವಲ್ಪ ಎತ್ತರವಾಗಿದ್ದು ನಿಜ.

ಹೊರಡುವಾಗ ಆ ದಲಾಲಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ ಹತ್ತಿರ ಬಂದ. “ಅಕ್ಕಾರ, ಇನ್ನೊಮ್ಮೆ ಫೋನ್ ಮಾಡಿದ್ರ ಸಾಫ್ಟ್‌ವೇರ್ ಅನ್ನೋದನ್ನ ಮೊದಲ ಹೇಳ್ರಿ. ಏಜೆಂಟ್ ಅನ್ನೋದು ಆಮ್ಯಾಲೆ ಬರ್ಲಿ.”

ಹೊಟ್ಟಿ ಭಾರ

ಕುರುಗೋಡಿನ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತೆ ಅಕ್ಕ ಒಬ್ಬರಿದ್ದಾರೆ, ಬಹಳ ಉಪಚಾರದವರು. ಅಲ್ಲಿ ಏಜೆಂಟು ಒಂದು ಅಪ್‌ಡೇಟ್ ಹಾಕಲು ಹೋಗಿ ಸೋತು, ಮತ್ತೆ ಮೊದಲಿನಿಂದ ಶುರುಮಾಡಿ, ಮತ್ತೆ ಸೋಲುತ್ತಾ ಪ್ರೊಸೆಸರನ್ನು ಸುಸ್ತು ಮಾಡಿತ್ತು. ನಾನು ಬಳ್ಳಾರಿಯಲ್ಲೇ ಕೂತು ಅವರ ಪರದೆಯೊಳಗೆ ಹೊಕ್ಕು ಸರಿಮಾಡುತ್ತಿದ್ದೆ. ಬಾಣದ ಗುರುತು ತಾನಾಗಿ ಓಡಾಡುವುದನ್ನು ಕಂಡು ಅಕ್ಕನಿಗೆ ಮನೆಗೆ ಯಾರೋ ಬಂದಂತೆ ಅನ್ನಿಸಿರಬೇಕು. ಖಾಲಿ ಪುಟ ತೆರೆದು ‘ಬರ್ರಿ ಮೇಡಂ, ಊಟ ಆತೇನ್ರಿ?’ ಅಂತ ಟೈಪ್ ಮಾಡಿದರು.

ಇಷ್ಟು ಪ್ರೀತಿಯಿಂದ ಕೇಳಿದಾಗ ಸುಮ್ಮನಿರಲಾದೀತೆ? ‘ಆತ್ರಿ. ರೊಟ್ಟಿ, ಬದನಿಕಾಯಿ ಪಲ್ಯ. ಹೊಟ್ಟಿ ಭಾರ ಆಗೇತಿ’ ಅಂತ ನಾನೂ ಟೈಪ್ ಮಾಡಿದೆ. ಅಷ್ಟರಲ್ಲಿ ಅಕ್ಕ ನೀರು ಕುಡಿಯಲು ಎದ್ದು ಹೋಗಿದ್ದರಂತೆ. ಅಲ್ಲಿಗೆ ಬಂದ ಮ್ಯಾನೇಜರು ಯಾರೂ ಇಲ್ಲದ ಕುರ್ಚಿಯ ಮುಂದೆ ಅಕ್ಷರಗಳು ಮೂಡುವುದನ್ನು ನೋಡಿ ಎಲ್ಲರನ್ನೂ ಕರೆದರು.

“ಇದು ಯಾಕ ಸ್ಲೋ ಆಗೇತಿ ಅಂತ ನಾವು ತಲಿ ಕೆಡಿಸ್ಕೊಂಡೀವಿ. ಅದ ಹೇಳಾಕತ್ತೈತಿ ನೋಡ್ರಿ, ಹೊಟ್ಟಿ ಭಾರ ಆಗೇತಂತ.”

ಏನ್ ಮಾಡಾಕತ್ತೀರಿ ಸರ್?

ಇದು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯದು. ಬೆಳಗ್ಗೆ ರೋಗಿಗಳು ಬರುವ ಹೊತ್ತಿಗೇ ಕೌಂಟರಿನ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಬಿಗಿದುಕೊಳ್ಳುತ್ತಿದ್ದವು. ಜ್ವರದ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಸಾಲಿನಲ್ಲಿ ನಿಂತೇ ಇರುತ್ತಿದ್ದರು. ಹೊರಗಿನ ದೊಡ್ಡ ಕಂಪನಿಯವರು ಬಂದು ನೋಡಿ, ಎಲ್ಲ ಕಂಪ್ಯೂಟರ್ ಬದಲಿಸಬೇಕು, ಉಸ್ತುವಾರಿಯನ್ನೂ ತಮಗೇ ಕೊಡಬೇಕು ಅಂದು ಹೋಗಿದ್ದರು. ಆಸ್ಪತ್ರೆ ನಮ್ಮ ಕೈತಪ್ಪುವುದರಲ್ಲಿತ್ತು. ನನಗೆ ಅದು ಮಾನದ ಪ್ರಶ್ನೆಯಾಯಿತು.

ಕೌಂಟರಿನಲ್ಲೇ ಕೂತು ಗಮನಿಸಿದೆ. ಆಡಳಿತಾಧಿಕಾರಿಗಳು ತಮ್ಮ ಕೋಣೆಗೆ ಬಂದರೆ ಎಲ್ಲ ಕಂಪ್ಯೂಟರುಗಳ ಏಜೆಂಟು ಎದ್ದು ಕುಣಿಯುತ್ತದೆ, ಅವರು ವಾರ್ಡಿನ ಕಡೆ ಹೋದರೆ ತಣ್ಣಗಾಗುತ್ತದೆ. ಕೋಣೆಗೆ ಹೋದೆ. ದೊಡ್ಡ ಪರದೆಯ ಮೇಲೆ ಆಸ್ಪತ್ರೆಯ ಅಷ್ಟೂ ಕಂಪ್ಯೂಟರುಗಳ ಸ್ಥಿತಿ ಕಾಣುತ್ತಿತ್ತು. ಎಲ್ಲದರ ಪ್ರೊಸೆಸರಿನ ಭಾರವೂ ನೂರಕ್ಕೆ ನೂರು ಅಂತ ಕೆಂಪಗಿತ್ತು. ಆ ಪರದೆ ತೆರೆದಿಟ್ಟಷ್ಟು ಹೊತ್ತೂ ಪ್ರತಿ ಸೆಕೆಂಡಿಗೆ ಎಲ್ಲವುಗಳಿಂದ ವರದಿ ಕೇಳುವಂತೆ ಅವರೇ ಬದಲಿಸಿಕೊಂಡಿದ್ದರು.

“ಇಲ್ಲಿ ನನ್ನ ಕಣ್ಣು ತಪ್ಪಿಸಿ ಏನೂ ನಡಿಯಂಗಿಲ್ಲ ಮೇಡಂ,” ಅಂದರು ಹೆಮ್ಮೆಯಿಂದ.

ಹೀಗೆ ಕೇಳುವುದರಿಂದಲೇ ಅವು ನಿಲ್ಲುತ್ತಿವೆ ಅಂದೆ. ಅವರು ಒಪ್ಪಲಿಲ್ಲ. “ಬರೇ ಕೇಳಿದ್ರ ಏನಾಗತೈತ್ರಿ?”

ಅವರು ಕಾಗದಗಳಿಗೆ ಸಹಿ ಮಾಡತೊಡಗಿದರು. ನಾನು ಮೇಜಿನ ಪಕ್ಕ ನಿಂತೆ.

“ಏನ್ ಮಾಡಾಕತ್ತೀರಿ ಸರ್?”

“ಸಹಿ ಮಾಡಾಕತ್ತೀನಿ.”

“ಈಗ ಏನ್ ಮಾಡಾಕತ್ತೀರಿ ಸರ್?”

“ಸಹೀನ ರೀ.”

“ಈಗ ಸರ್?”

ಅವರು ಪೆನ್ನು ಕೆಳಗಿಟ್ಟರು. “ನನ್ನ ಕೆಲಸ ಮಾಡಾಕ ಬಿಡ್ತೀರೋ ಇಲ್ಲೋ?”

“ಕಂಪ್ಯೂಟರ್‌ಗಳೂ ಇದನ್ನ ಹೇಳಾಕತ್ತಾವ್ರಿ ಸರ್.”

ಗಳಿಗೆ ಹೊತ್ತು ಸಿಟ್ಟಿನಿಂದ ನನ್ನನ್ನೇ ನೋಡಿ, ಆಮೇಲೆ ನಕ್ಕುಬಿಟ್ಟರು. ಆಗೊಮ್ಮೆ ಈಗೊಮ್ಮೆ ಮಾತ್ರ ವರದಿ ಕೇಳುವಂತೆ ನಾನು ಬದಲಿಸಿದೆ. ಕೌಂಟರಿನ ಸಾಲು ಎಷ್ಟು ಬೇಗ ಕರಗಿತೆಂದರೆ ಸಂಗನಕಲ್ಲಿನ ಅಜ್ಜಿಯೊಬ್ಬರು “ಕುಂದ್ರಾಕೂ ಬಿಡ್ಲಿಲ್ಲ, ಹೆಸರು ಕೂಗೇಬಿಟ್ರು” ಅಂತ ಗೊಣಗಿದರು. ಆ ಗೊಣಗಾಟ ನನಗೆ ಸನ್ಮಾನದ ಹಾಗೆ ಕೇಳಿಸಿತು. ಒಂದು ಕಂಪ್ಯೂಟರೂ ಬದಲಾಗಲಿಲ್ಲ, ಆಸ್ಪತ್ರೆ ನಮ್ಮಲ್ಲೇ ಉಳಿಯಿತು. ನಮ್ಮೂರು ಕೊಳಗಲ್ಲಿನಲ್ಲಿ ನಮ್ಮವ್ವ “ಮಗಳು ದೊಡ್ಡ ಆಸ್ಪತ್ರಿ ರಿಪೇರಿ ಮಾಡ್ಯಾಳ” ಅಂತ ಓಣಿಗೆಲ್ಲ ಹೇಳಿದ್ದರಿಂದ, ಪಕ್ಕದ ಮನೆಯ ದೊಡ್ಡವ್ವ ನನಗೆ ಮೊಣಕಾಲು ತೋರಿಸಲು ಬಂದರು.

ವಾರದೊಳಗೆ ಆಸ್ಪತ್ರೆಯ ಆಡಳಿತಾಧಿಕಾರಿಗಳ ಫೋನ್ ಬಂತು, ಕೂಡಲೇ ಬರಬೇಕು ಅಂತ. ಕೈಲಿದ್ದ ಕೆಲಸ ಬಿಟ್ಟು ಓಡಿದೆ. ಅವರು ಪರದೆ ತೋರಿಸಿದರು. ಎಲ್ಲ ಹಸಿರು, ಯಾವ ಪ್ರೊಸೆಸರಿನ ಮೇಲೂ ಭಾರವೇ ಇರಲಿಲ್ಲ. ಅವರ ಮುಖ ಮಾತ್ರ ಗಂಟಿಕ್ಕಿಕೊಂಡಿತ್ತು.

“ನೋಡ್ರಿ ಮೇಡಂ. ಮೊದಲ ಎಲ್ಲಾ ನೂರಕ್ಕ ನೂರು ದುಡೀತಿದ್ವು. ನೀವು ಕೈ ಹಚ್ಚಿದ ಮ್ಯಾಲೆ ಒಂದೂ ಮೈ ಬಗ್ಗಿಸವಲ್ವು.”